ಯೆಮನ್: ಹೊಲವೂ ಇದೆ, ಕಡಲೂ ಇದೆ, ಊಟಕ್ಕೇಕೆ ಇಷ್ಟು ಕಷ್ಟ?

ಯೆಮನ್ ಎಂದೊಡನೆ ಮರಳುಗಾಡು, ಹಸಿದ ಮಕ್ಕಳು ಕಣ್ಣಮುಂದೆ ಬರುತ್ತಾರೆ. ಆದರೆ ದೇಶದ ಪಶ್ಚಿಮದ ಬೆಟ್ಟಸಾಲಿಗೆ ಒಳ್ಳೆಯ ಮಳೆಯಾಗುತ್ತದೆ. ಇಳಿಜಾರಿಗೆ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿ, ಅಲ್ಲಿ ಶತಮಾನಗಳಿಂದ ಜೋಳ ಬೆಳೆದಿದ್ದಾರೆ. ಕೆಳಗೆ ಕೆಂಪು ಸಮುದ್ರದ ಕರಾವಳಿಯ ತಿಹಾಮಾ ಬಯಲಿನವರು ಬೆಟ್ಟದಿಂದ ನುಗ್ಗಿಬರುವ ನೆರೆನೀರಿಗೆ ಒಡ್ಡು ಹಾಕಿ ಹೊಲಕ್ಕೆ ತಿರುಗಿಸಿಕೊಳ್ಳುತ್ತಾರೆ. ಬಾಬಾಬುಡನ್ ಏಳು ಕಾಫಿಬೀಜ ತಂದರೆಂದು ಚಿಕ್ಕಮಗಳೂರಿನವರು ಹೇಳುವ ಮೋಕಾ ಇರುವುದೂ ಇದೇ ಕರಾವಳಿಯಲ್ಲಿ. 2015ರ ಯುದ್ಧಕ್ಕೆ ಮುಂಚೆ ತೈಲ, ಅನಿಲ ಬಿಟ್ಟರೆ ರಫ್ತಿನಲ್ಲಿ ಮೀನಿಗೇ ದೊಡ್ಡ ಸ್ಥಾನ.

ಗೋಜಲು ಶುರುವಾದದ್ದು 1970ರ ದಶಕದಲ್ಲಿ. ಗಂಡಸರು ಸೌದಿಗೆ ದುಡಿಯಲು ಹೋದರು. ಊರಿಗೆ ಹಣ ಬಂತು, ಹಡಗಿನಲ್ಲಿ ಅಗ್ಗದ ಗೋಧಿ ಬಂತು. ಕುಸಿದ ಕಲ್ಲುಕಟ್ಟೆ ಸರಿಮಾಡಲು ಆಳುಗಳೇ ಇಲ್ಲವಾದರು. ಸಬ್ಸಿಡಿ ಡೀಸೆಲ್ ಸಿಕ್ಕಿದ್ದರಿಂದ ಎಲ್ಲೆಂದರಲ್ಲಿ ಕೊಳವೆಬಾವಿ ಎದ್ದವು, ಆ ನೀರಿನ ದೊಡ್ಡ ಪಾಲು ಖಾತ್ ಗಿಡಕ್ಕೆ ಹೋಯಿತು. ಮಧ್ಯಾಹ್ನದ ಊಟವಾದ ಮೇಲೆ ದವಡೆಗೊತ್ತಿಕೊಂಡು ಗಂಟೆಗಟ್ಟಲೆ ಜಗಿಯುವ ಎಲೆ ಅದು. ಇದಕ್ಕೆ ರೈತನನ್ನು ದೂರುವವರಿದ್ದಾರೆ. ಜೋಳಕ್ಕೆ ಬೆಲೆಯಿಲ್ಲದಾಗ ಕೈಗೆ ರೊಕ್ಕ ಕೊಡುವ ಬೆಳೆಯನ್ನು ಯಾವ ರೈತ ಬಿಟ್ಟಾನು? ಹೀಗೆ ದೇಶ ತಿನ್ನುವ ಗೋಧಿಯಲ್ಲಿ ಶೇ 90ಕ್ಕೂ ಹೆಚ್ಚು ಹೊರಗಿನದಾಯಿತು.

2014ರ ಜುಲೈನಲ್ಲಿ ಸಬ್ಸಿಡಿ ಕಿತ್ತುಹಾಕಿದಾಗ ಲೀಟರ್ ಡೀಸೆಲ್ 100 ರಿಯಾಲ್‌ನಿಂದ 195ಕ್ಕೆ ಜಿಗಿಯಿತು. ಜನ ಬೀದಿಗಿಳಿದರು. ಸೆಪ್ಟೆಂಬರ್‌ನಲ್ಲಿ ರಾಜಧಾನಿ ಸನಾ ಹೂತಿ ಬಂಡುಕೋರರ ಕೈಸೇರಿತು, 2015ರ ಮಾರ್ಚ್‌ನಲ್ಲಿ ಸರ್ಕಾರದ ಪರವಾಗಿ ಸೌದಿ ನೇತೃತ್ವದ ಕೂಟದ ಬಾಂಬ್ ದಾಳಿ ಶುರುವಾಯಿತು.

ಕಡಲಿನ ಕಥೆ ಅಷ್ಟಾಗಿ ಸುದ್ದಿಯಾಗಲಿಲ್ಲ. ಅಲ್ಲಿನ ಬಹುತೇಕ ಮೀನುಗಾರರದ್ದು ಔಟ್‌ಬೋರ್ಡ್ ಎಂಜಿನ್ ಸಿಕ್ಕಿಸಿದ ಫೈಬರ್ ದೋಣಿ. ಅದು ಕಡಲಿಗಿಳಿಯಬೇಕಾದರೆ ಎಂಜಿನ್ನಿಗೆ ಇಂಧನ, ಪೆಟ್ಟಿಗೆಗೆ ಐಸ್, ವಾಪಸು ಬಂದಾಗ ಮೀನು ಇಳಿಸುವ ಧಕ್ಕೆಯಲ್ಲಿ ಕೊಳ್ಳುವವರು ಬೇಕು. ಯುದ್ಧದಲ್ಲಿ ಮೂರೂ ಕೈಕೊಟ್ಟವು. ಇಂಧನ ದುಬಾರಿಯಾಯಿತು, ಕರೆಂಟು ಹೋಗಿ ಐಸ್ ಪ್ಲಾಂಟ್‌ಗಳು ನಿಂತವು, ಕೆಂಪು ಸಮುದ್ರದ ಎಷ್ಟೋ ಕಡೆ ಮೀನಿಗೆ ಹೋಗುವುದೇ ನಿಷಿದ್ಧವಾಯಿತು. ನೀರಿನಲ್ಲಿ ಮೈನ್‌ಗಳು ತೇಲಿದವು, ದೋಣಿಗಳ ಮೇಲೆ ಗುಂಡು ಬಿತ್ತು. 2018ರ ಆಗಸ್ಟ್‌ನಲ್ಲಿ ಹೊದೈದಾ ಧಕ್ಕೆಯ ಮೇಲೂ ದಾಳಿ ನಡೆದು ಜನ ಸತ್ತರು. ಹೊಡೆದವರು ನೀವೆಂದು ಎರಡೂ ಕಡೆಯವರು ಪರಸ್ಪರ ಬೊಟ್ಟುಮಾಡಿದರು. ಅದೇ ಡಿಸೆಂಬರ್‌ನಲ್ಲಿ ಸರ್ಕಾರಕ್ಕೂ ಹೂತಿಗಳಿಗೂ ಆದ ಸ್ಟಾಕ್‌ಹೋಮ್ ಕದನವಿರಾಮ ಒಪ್ಪಂದದಲ್ಲಿ ಹೊದೈದಾಕ್ಕೆ ಮಹತ್ವ ಸಿಕ್ಕಿತು, ಆದರೆ ಅದು ಗೋಧಿ ಇಳಿಯುವ ಬಂದರು ಎಂಬ ಕಾರಣಕ್ಕೆ.

ಹಿಡಿದ ಮೀನನ್ನು ಸಾಗಿಸುವುದು ಇನ್ನೊಂದು ತಾಪತ್ರಯ. 2016ರಲ್ಲಿ ಕೇಂದ್ರೀಯ ಬ್ಯಾಂಕು ಸನಾದಿಂದ ಸರ್ಕಾರದ ಹಿಡಿತದ ಏಡನ್‌ಗೆ ಸ್ಥಳಾಂತರವಾಗಿ, ಕೊನೆಗೆ ಎರಡೂ ಕಡೆ ಒಂದೊಂದು ಬ್ಯಾಂಕಾಯಿತು. ಏಡನ್‌ನಲ್ಲಿ ಬಿಡುಗಡೆಯಾದ ಹೊಸ ನೋಟು 2020ರಿಂದ ಸನಾ ಭಾಗದಲ್ಲಿ ನಡೆಯುವುದಿಲ್ಲ. ಕರಾವಳಿಯಿಂದ ಬೆಟ್ಟ ಹತ್ತುವ ಲಾರಿ ದಾರಿಯುದ್ದಕ್ಕೂ ತಪಾಸಣಾ ಠಾಣೆಗಳಲ್ಲಿ ನಿಂತು, ಬೇರೆಯದೇ ವಿನಿಮಯ ದರದ ಪೇಟೆಗೆ ಮೀನು ಇಳಿಸಬೇಕು. ಐಸ್ ಅಷ್ಟು ಹೊತ್ತು ಕಾಯುವುದಿಲ್ಲ.

ಇಷ್ಟಾದರೂ ವರ್ಷಗಟ್ಟಲೆ ನೆರವು ಎಂದರೆ ಮುಖ್ಯವಾಗಿ ಹಿಟ್ಟು, ಎಣ್ಣೆ, ಬೇಳೆ. ಅದು ಜೀವ ಉಳಿಸಿತು, ನಿಜ. ದೋಣಿಯ ಎಂಜಿನ್ನಿಗೂ ಒಡ್ಡಿನ ದುರಸ್ತಿಗೂ ಹಣ ಬಂತಾದರೂ ಪಡಿತರದ ಮುಂದೆ ಅದು ಚಿಲ್ಲರೆ. 1997ರಲ್ಲಿ ಹುಟ್ಟಿದ ಯೆಮನ್‌ನ ಸಾಮಾಜಿಕ ಅಭಿವೃದ್ಧಿ ನಿಧಿ ಹಳ್ಳಿಯವರಿಗೇ ಕೂಲಿ ಕೊಟ್ಟು ಮೆಟ್ಟಿಲು ಹೊಲಗಳ ಕಟ್ಟೆ ಕಟ್ಟಿಸುತ್ತಿದೆ. ಕೂಲಿಯೂ ಆಯಿತು, ಮಣ್ಣೂ ಉಳಿಯಿತು. ಇಂಥದ್ದನ್ನು ಯುದ್ಧದ ಮೊದಲ ವರ್ಷದಿಂದಲೇ ದೊಡ್ಡದಾಗಿ ಮಾಡಬಹುದಿತ್ತು.

2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಹೂತಿಗಳ ಹಿಡಿತದ ಉತ್ತರದಲ್ಲಿ ಸಾರ್ವತ್ರಿಕ ಪಡಿತರ ನಿಲ್ಲಿಸಿತು. ಅಷ್ಟರಲ್ಲಿ ರೈತರು ಡೀಸೆಲ್ ಕಾಟ ತಪ್ಪಿಸಿಕೊಳ್ಳಲು ಸೋಲಾರ್ ಪಂಪಿಗೆ ಬದಲಾಗಿದ್ದರು. ತರಕಾರಿಗೂ ಜೋಳಕ್ಕೂ ನೀರಾಯಿತು, ಜೊತೆಗೆ ಖಾತ್‌ಗೂ. ಡೀಸೆಲ್ ಪಂಪನ್ನು ದುಡ್ಡು ಮುಗಿದಾಗಲಾದರೂ ನಿಲ್ಲಿಸುತ್ತಿದ್ದರು. ಸೋಲಾರಿಗೆ ಆ ಖರ್ಚಿಲ್ಲ, ಬಿಸಿಲಿರುವಷ್ಟು ಹೊತ್ತೂ ನೀರೆತ್ತುತ್ತದೆ. ಬಾವಿ ಕೊರೆಯಲು ಪರವಾನಗಿ ಬೇಕು ಎಂದು ಕಾನೂನಿನಲ್ಲಿದ್ದರೂ ಅದನ್ನು ಜಾರಿಮಾಡುವ ಶಕ್ತಿ ಸದ್ಯ ಎರಡೂ ಕಡೆಯ ಆಡಳಿತಕ್ಕಿಲ್ಲ.