ಎದೆಗೆ ಕೊಡುವ ಶಾಕ್ ಹೃದಯವನ್ನು ಸುಡುತ್ತದೆಯೇ?

ಮೆಣಸು ಕೊಯ್ಯುವ ಕಾಲದಲ್ಲಿ ಕೊಡಗಿನ ತೋಟಗಳಿಂದ ಆಗಾಗ ಒಂದು ಕೆಟ್ಟ ಸುದ್ದಿ ಬರುತ್ತದೆ. ಅಲ್ಯೂಮಿನಿಯಂ ಏಣಿ ಮೇಲಿನ ಕರೆಂಟ್ ತಂತಿಗೆ ತಾಗಿ ಕಾರ್ಮಿಕರು ಸತ್ತರು ಅಂತ. ಇಂಥ ಸುದ್ದಿ ಕೇಳಿಯೇ ಬೆಳೆದವರಿಗೆ, 'ನಿಮ್ಮ ತಂದೆಯ ಎದೆಗೆ ಶಾಕ್ ಕೊಡಬೇಕು' ಎಂದು ಡಾಕ್ಟರು ಹೇಳಿದರೆ ಕೈಕಾಲು ತಣ್ಣಗಾಗುವುದು ಸಹಜ. 'ಹೃದಯದ ಮಾಂಸ ಸುಟ್ಟು ಹೋಗಲ್ವಾ?' ಎಂದು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಇದಕ್ಕೆ ಸುಮ್ನೆ 'ಹೆದರಬೇಡಿ' ಅಂದರೆ ಸಾಲದು.

ಹೃದಯದ ಮೇಲಿನ ಎರಡು ಕೋಣೆಗಳು ಹದವಾಗಿ ಮಿಡಿಯುವ ಬದಲು ಅಡ್ಡಾದಿಡ್ಡಿಯಾಗಿ ಕಂಪಿಸುವ ತೊಂದರೆಗೆ ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಮಣಿಕಟ್ಟಿನಲ್ಲಿ ನಾಡಿ ಹಿಡಿದರೆ ಬಡಿತಕ್ಕೆ ಲೆಕ್ಕವೇ ಸಿಗುವುದಿಲ್ಲ. ಅದನ್ನು ಲಯಕ್ಕೆ ತರಲು ಎದೆಯ ಮೇಲಿಂದ ಕೊಡುವ ಶಾಕ್‌ಗೆ ಕಾರ್ಡಿಯೋವರ್ಷನ್ ಎಂದು ಹೆಸರು. ರೋಗಿಗೆ ಮೊದಲು ಸ್ವಲ್ಪ ಹೊತ್ತು ನಿದ್ದೆ ಬರಿಸುತ್ತಾರೆ.

ತೋಟದ ಮೇಲೆ ಹಾದುಹೋಗುವ 11,000 ವೋಲ್ಟ್ ತಂತಿಯ ಕರೆಂಟ್ ದಿಕ್ಕು ಬದಲಿಸುತ್ತಲೇ ಇರುತ್ತದೆ. ಏಣಿ ತಂತಿಯಿಂದ ಬಿಡುವವರೆಗೂ ಮೈಯಲ್ಲಿ ಹರಿಯುತ್ತಲೇ ಇರುತ್ತದೆ. ಆಸ್ಪತ್ರೆಯ ಯಂತ್ರ ಹಾಗಲ್ಲ. ಅಳೆದು ತುಂಬಿಟ್ಟ ಶಕ್ತಿಯನ್ನು ಅದು ಕೆಲವೇ ಮಿಲಿಸೆಕೆಂಡುಗಳಲ್ಲಿ ಬಿಟ್ಟು ಸುಮ್ಮನಾಗುತ್ತದೆ. ಈ ಶಕ್ತಿಯನ್ನು ಜೌಲ್ ಲೆಕ್ಕದಲ್ಲಿ ಅಳೆಯುತ್ತಾರೆ. 200 ಜೌಲ್‌ನ ಶಾಕ್ ಅಂದರೆ, 50 ಕೆ.ಜಿ.ಯ ಕಾಫಿ ಚೀಲವನ್ನು ನೆಲದಿಂದ 40 ಸೆಂಟಿಮೀಟರ್ ಎತ್ತಲು ಬೇಕಾದಷ್ಟು ಶಕ್ತಿ. ಎದೆ ಹೊಕ್ಕ ಕರೆಂಟಿನಲ್ಲೂ ಹೃದಯದ ಮೂಲಕ ಹಾಯುವುದು ಶೇ. 4ರ ಆಸುಪಾಸು. ಉಳಿದದ್ದು ಎದೆಯ ಗೋಡೆ, ಶ್ವಾಸಕೋಶಗಳ ದಾರಿ ಹಿಡಿಯುತ್ತದೆ.

ಶಕ್ತಿ ಎಷ್ಟು ಎನ್ನುವುದರಷ್ಟೇ ಮುಖ್ಯ, ಅದು ಯಾವ ಗಳಿಗೆಯಲ್ಲಿ ಬೀಳುತ್ತದೆ ಎನ್ನುವುದು. ಒಂದು ಬಡಿತ ಮುಗಿದು ಹೃದಯ ಸುಧಾರಿಸಿಕೊಳ್ಳುತ್ತಿರುವಾಗ ಶಾಕ್ ಬಿದ್ದರೆ ಕೆಳಗಿನ ಕೋಣೆಗಳೇ ಕಂಪಿಸಲು ಶುರುವಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಅಮೆರಿಕದ ವೈದ್ಯ ಬರ್ನಾರ್ಡ್ ಲೌನ್ ಮತ್ತು ಸಂಗಡಿಗರು 1962ರಲ್ಲಿ ಈ ಅಪಾಯದ ಗಳಿಗೆ ತಪ್ಪಿಸಿ ಶಾಕ್ ಕೊಡುವ ವಿಧಾನವನ್ನು ಪ್ರಕಟಿಸಿದರು. ಈಗ ಯಂತ್ರದ ಪರದೆಯ ಮೇಲೆ ಪ್ರತಿ ಬಡಿತದ ಚೂಪು ಗೆರೆಗೂ ಒಂದು ಗುರುತು ಬೀಳುತ್ತದೆ. ಡಾಕ್ಟರು ಗುಂಡಿ ಒತ್ತಿ ಹಿಡಿದರೂ ಯಂತ್ರ ಮುಂದಿನ ಗುರುತು ಬರುವವರೆಗೆ ಕಾದು, ಆಮೇಲೆಯೇ ಶಾಕ್ ಬಿಡುತ್ತದೆ. ನನಗೆ ಈ ಚಿಕಿತ್ಸೆಯಲ್ಲಿ ತುಂಬ ಮೆಚ್ಚುಗೆಯಾಗುವುದು ಈ ಕಾಯುವಿಕೆಯೇ.

ಇನ್ನು ಸ್ನಾಯುವಿನ ಮಾತು. ಭಯಕ್ಕೆ ಆಧಾರವೇ ಇಲ್ಲ ಅಂತಲ್ಲ. ನಾಯಿಗಳ ಮೇಲೆ ನಡೆದ ಹಳೆಯ ಪ್ರಯೋಗಗಳಲ್ಲಿ, ಬಹಳ ಜಾಸ್ತಿ ಶಕ್ತಿಯ ಶಾಕ್‌ಗಳನ್ನು ಬಿಡುವಿಲ್ಲದೆ ಕೊಟ್ಟಾಗ ಹೃದಯದ ಸ್ನಾಯು ಸತ್ತದ್ದು ಕಂಡಿತ್ತು. ಚಿಕಿತ್ಸೆ ಪಡೆದ ಮನುಷ್ಯರ ರಕ್ತದಲ್ಲೂ ಸಿಕೆ ಎಂಬ ಕಿಣ್ವ ಏರುತ್ತಿತ್ತು. ಹೃದಯಾಘಾತದಲ್ಲೂ ಅದು ಏರುವುದರಿಂದ ಅನುಮಾನ ಬಲವಾಯಿತು. ಆದರೆ ಸಿಕೆ ಮೈಯ ಎಲ್ಲ ಸ್ನಾಯುಗಳಲ್ಲೂ ಇದೆ. ಶಾಕ್ ಬಿದ್ದಾಗ ಎದೆಯ ಗೋಡೆಯ ಸ್ನಾಯುಗಳು ಜೋರಾಗಿ ಸೆಟೆಯುತ್ತವೆ, ಅಲ್ಲಿಂದಲೇ ಅದು ರಕ್ತಕ್ಕೆ ಸೋರುತ್ತದೆ. ಹೃದಯದ ಸ್ನಾಯುವಿಗೇ ಮೀಸಲಾದ ಟ್ರೋಪೋನಿನ್ ಎಂಬ ಪ್ರೋಟೀನನ್ನು ರಕ್ತದಲ್ಲಿ ಅಳೆಯಲು ಬಂದ ಮೇಲೆ ಚಿತ್ರ ತಿಳಿಯಾಯಿತು. ಹೊರಗಿನಿಂದ ಕೊಡುವ ಕಾರ್ಡಿಯೋವರ್ಷನ್ ನಂತರ ಅದು ಸಾಮಾನ್ಯವಾಗಿ ಏರುವುದೇ ಇಲ್ಲ, ಏರಿದರೂ ತೀರಾ ಅಲ್ಪ. ಡೆನ್ಮಾರ್ಕಿನಲ್ಲಿ ಕೆಲವರಿಗೆ ಮೊದಲಿಗೇ 360 ಜೌಲ್ ಕೊಟ್ಟು, ಉಳಿದವರಿಗೆ ಕಡಿಮೆಯಿಂದ ಶುರುಮಾಡಿ ಏರಿಸುತ್ತಾ ಹೋಗಿ ಹೋಲಿಸಿದ್ದಾರೆ. ಲಯ ಸರಿಯಾದದ್ದು ಮೊದಲ ಗುಂಪಿನ ಶೇ. 88 ಮಂದಿಗೆ, ಎರಡನೆಯದರಲ್ಲಿ ಶೇ. 66 ಮಂದಿಗೆ. ಜಾಸ್ತಿ ಶಕ್ತಿ ಕೊಟ್ಟಿದ್ದಕ್ಕೆ ಹೃದಯಕ್ಕೆ ಜಾಸ್ತಿ ಪೆಟ್ಟು ಬಿದ್ದದ್ದು ಕಾಣಲಿಲ್ಲ.

ಚರ್ಮದ ಮೇಲೆ ಪ್ಯಾಡ್ ಅಂಟಿಸಿದ ಕಡೆ ಕೆಂಪಾಗಿ ಒಂದೆರಡು ದಿನ ಉರಿಯಬಹುದು, ಅಷ್ಟೆ.

ನಿಜವಾಗಿ ಹೆದರಬೇಕಾದದ್ದು ರಕ್ತ ಹೆಪ್ಪುಗಟ್ಟುವುದಕ್ಕೆ. ಕಂಪಿಸುವ ಕೋಣೆಯಲ್ಲಿ ರಕ್ತ ನಿಂತು ಗಡ್ಡೆ ಕಟ್ಟಬಹುದು. ಲಯ ಮರಳಿದಾಗ ಅದು ಕಿತ್ತು ಮಿದುಳಿಗೆ ಹೋದರೆ ಪಾರ್ಶ್ವವಾಯು. ತೊಂದರೆ ಶುರುವಾಗಿ 48 ಗಂಟೆ ದಾಟಿದ್ದರೆ, ಅಥವಾ ಯಾವಾಗ ಶುರುವಾಯಿತೆಂದೇ ಗೊತ್ತಿಲ್ಲದಿದ್ದರೆ, ಮೊದಲು ಕನಿಷ್ಠ 3 ವಾರ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಇಲ್ಲವೇ ಅನ್ನನಾಳದ ಮೂಲಕ ಸ್ಕ್ಯಾನ್ ಮಾಡಿ ಗಡ್ಡೆ ಇಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ. ಶಾಕ್ ಆದ ಮೇಲೂ ಮೇಲಿನ ಕೋಣೆಗಳು ಕೆಲ ದಿನ, ಕೆಲವೊಮ್ಮೆ ವಾರಗಟ್ಟಲೆ ಮಂಕಾಗಿಯೇ ಇರುತ್ತವೆ. ಇಸಿಜಿ ಚೆನ್ನಾಗಿ ಕಂಡರೂ ಹಿಂಡುವ ಬಲ ಬಂದಿರುವುದಿಲ್ಲ. ಹಾಗಾಗಿ ಮಾತ್ರೆ ಇನ್ನೂ ಕನಿಷ್ಠ 4 ವಾರ ಬೇಕೇ ಬೇಕು. ಹಲವರಿಗೆ ಆಮೇಲೂ ನಿಲ್ಲಿಸುವಂತಿಲ್ಲ.

ನಮ್ಮಲ್ಲಿ ಕೆಲಸ ಕೆಡುವುದು ಇಲ್ಲೇ. 'ಸರಿಹೋಯ್ತಲ್ಲ' ಎಂದು ಮಾತ್ರೆ ಬಿಟ್ಟುಬಿಡುತ್ತಾರೆ. ಜುಲೈ ಮಳೆಯಲ್ಲಿ ರಸ್ತೆ ಕುಸಿದರೆ ಮಡಿಕೇರಿಗೋ ಮೈಸೂರಿಗೋ ಹೋಗಲಾಗದೆ ಮಾತ್ರೆ ಮುಗಿದು ಕೂರುವವರೂ ಇದ್ದಾರೆ. ಮಳೆಗಾಲಕ್ಕೆ ಅಕ್ಕಿ, ಸೌದೆ ಕೂಡಿಡುವ ಮನೆಯವರು ಈ ಮಾತ್ರೆಯನ್ನೂ ಡಾಕ್ಟರನ್ನು ಕೇಳಿ ಮೊದಲೇ ತಂದಿಟ್ಟುಕೊಳ್ಳಬೇಕು. ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಒಂದಾದ ವಾರ್ಫರಿನ್ ತಿನ್ನುವವರು, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಐಎನ್ಆರ್ ರಕ್ತಪರೀಕ್ಷೆಗೆ ಹತ್ತಿರದ ಲ್ಯಾಬ್ ಎಲ್ಲಿದೆ ಎಂದೂ ನೋಡಿಟ್ಟುಕೊಳ್ಳಬೇಕು.

ಶಾಕ್‌ಗೆ ಹೆದರಿ ಸುಮ್ಮನೆ ಕೂರುವುದರಲ್ಲೂ ನಷ್ಟವಿದೆ. ಹೃದಯ ವಾರಗಟ್ಟಲೆ, ತಿಂಗಳುಗಟ್ಟಲೆ ವೇಗವಾಗಿ ಓಡಿದರೆ ಆ ಓಟದಿಂದಲೇ ಸ್ನಾಯು ಸೋಲಬಹುದು. ವೇಗ ಹತೋಟಿಗೆ ಬಂದರೆ ಅದು ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಎಲ್ಲರಿಗೂ ಶಾಕ್ ಬೇಕೆಂದಿಲ್ಲ, ಮಾತ್ರೆಯಲ್ಲೇ ಹತೋಟಿಗೆ ಬರುವವರಿದ್ದಾರೆ. ಶಾಕ್ ಆದವರಲ್ಲೂ ಹಲವರಿಗೆ ತಿಂಗಳುಗಳ ನಂತರ ಲಯ ಮತ್ತೆ ತಪ್ಪುತ್ತದೆ. ಆಗ ಇನ್ನೊಮ್ಮೆ ಕಾರ್ಡಿಯೋವರ್ಷನ್ ಮಾಡಬಹುದು.