ತೆಗೆದಿಟ್ಟ ದಿನಸಿ ಹಣ ತಿಂಗಳ ಕೊನೆಯವರೆಗೆ ಏಕೆ ಸಾಲುವುದಿಲ್ಲ?

ಪ್ರಶ್ನೆ: ನಮ್ಮದು ನಾಲ್ಕು ಜನರ ಕುಟುಂಬ. ದಿನಸಿ, ಹಾಲು, ತರಕಾರಿ ಎಲ್ಲ ಸೇರಿ ತಿಂಗಳಿಗೆ 12,000 ರೂಪಾಯಿ ಎಂದು ಸಂಬಳ ಬಂದ ದಿನವೇ ತೆಗೆದಿಡುತ್ತೇವೆ. ದುಂದುವೆಚ್ಚ ಮಾಡುವವರಲ್ಲ. ಆದರೂ 20ನೇ ತಾರೀಖು ದಾಟುವಷ್ಟರಲ್ಲಿ ಹಣ ಮುಗಿದು, ಅಂಗಡಿಯಲ್ಲಿ ಲೆಕ್ಕ ಬರೆಸಬೇಕಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ದುಂದು ಮಾಡದ ಮನೆಯಲ್ಲಿಯೂ ಹೀಗಾಗುತ್ತದೆ. ನಾವು ಸಾಮಾನ್ಯವಾಗಿ ರೂಪಾಯಿಯಲ್ಲಿ ಲೆಕ್ಕ ಹಾಕುತ್ತೇವೆ, ಆದರೆ ಮನೆ ನಡೆಯುವುದು ಕಿಲೋ ಮತ್ತು ಲೀಟರ್‌ಗಳಲ್ಲಿ. ತಿಂಗಳಿಗೆ ಎಣ್ಣೆ ಎಷ್ಟು, ತೊಗರಿಬೇಳೆ ಎಷ್ಟು, ಸಕ್ಕರೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರೆ ಬಹಳ ಮನೆಗಳಲ್ಲಿ ಅಂದಾಜಿನ ಉತ್ತರವೇ ಸಿಗುತ್ತದೆ. ಪ್ರಮಾಣ ತಿಳಿಯದೆ ಗೊತ್ತುಮಾಡಿದ ಮೊತ್ತ ಬೆಲೆ ಸ್ವಲ್ಪ ಅಲ್ಲಾಡಿದರೂ ಕುಸಿಯುತ್ತದೆ, ಕುಸಿದಾಗ ಯಾವ ಪದಾರ್ಥದಿಂದ ಕುಸಿಯಿತು ಎಂಬುದೂ ತಿಳಿಯುವುದಿಲ್ಲ.

ಆದ್ದರಿಂದ ಮೊದಲ ತಿಂಗಳು ಖರ್ಚು ಕಡಿಮೆ ಮಾಡುವ ಪ್ರಯತ್ನವನ್ನೇ ಮಾಡಬೇಡಿ, ಅಳತೆಯನ್ನು ಮಾತ್ರ ಗಮನಿಸಿ. ಎಣ್ಣೆಯ ಪ್ಯಾಕೆಟ್ ಕತ್ತರಿಸಿದ ದಿನ, ಬೇಳೆಯ ಡಬ್ಬಿ ತುಂಬಿದ ದಿನ ಒಂದು ಚೀಟಿಯಲ್ಲಿ ತಾರೀಖು ಬರೆದು ಅದೇ ಡಬ್ಬಿಗೆ ಅಂಟಿಸಿ. ಮುಗಿದ ದಿನವನ್ನೂ ಕೆಳಗೆ ಬರೆಯಿರಿ. ಅಕ್ಕಿಯನ್ನು ಪಾವಿನಿಂದ ಅಳೆಯುವ ಮನೆಯಾದರೆ ದಿನಕ್ಕೆ ಎಷ್ಟು ಪಾವು ಎಂಬುದಷ್ಟೇ ಸಾಕು, ಒಂದು ಪಾವು ಅಕ್ಕಿ 200 ಗ್ರಾಂ ಆಸುಪಾಸು ತೂಗುತ್ತದೆ.

ಅಕ್ಕಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ತಿಂಗಳ ಲೆಕ್ಕ ಹಳಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ದಿನಕ್ಕೆ ಮೂರು ಪಾವು ಎಂದರೆ 600 ಗ್ರಾಂ, ತಿಂಗಳಿಗೆ 18 ಕಿಲೋ. ಅಂಗಡಿಯಿಂದ ಬರುವ ಮೂಟೆ ಈಗ ಹಲವೆಡೆ 26 ಕಿಲೋದ್ದು. (25 ಕಿಲೋವರೆಗಿನ, ಲೇಬಲ್ ಇರುವ ಪ್ಯಾಕ್‌ಗಳಿಗೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಬಂದ ಮೇಲೆ ಈ ತೂಕದ ಮೂಟೆಗಳು ಹೆಚ್ಚಾದವು.) ಈ ಮೂಟೆ ಸುಮಾರು 43 ದಿನ ಬರುತ್ತದೆ, ಆದ್ದರಿಂದ ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮೂಟೆ ಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಆ ತಿಂಗಳುಗಳಲ್ಲಿ ಕೈ ಹಗುರವಾದಂತೆ ಕಂಡು ಉಳಿದ ಹಣ ಬೇರೆ ಕಡೆ ಹರಿದುಹೋಗುತ್ತದೆ, ಮೂಟೆ ತರುವ ತಿಂಗಳು ಒಮ್ಮೆಲೇ ಬಿಗಿಯಾಗುತ್ತದೆ. ಕಿಲೋಗೆ 60 ರೂಪಾಯಿ ಎಂದಿಟ್ಟುಕೊಂಡರೆ ಮೂಟೆಗೆ 1,560 ರೂಪಾಯಿ, ಆದರೆ ಒಂದು ತಿಂಗಳ ಅಕ್ಕಿಯ ನಿಜವಾದ ಖರ್ಚು 1,080 ರೂಪಾಯಿ. ಮೂಟೆ ಕೊಂಡರೂ ಕೊಳ್ಳದಿದ್ದರೂ ಪ್ರತಿ ತಿಂಗಳೂ ಈ 1,080 ರೂಪಾಯಿಯನ್ನು ಅಕ್ಕಿಯ ಹೆಸರಿನಲ್ಲಿ ಎತ್ತಿಡಬೇಕು. ಪಡಿತರ ಅಕ್ಕಿ ಬರುವ ಮನೆಯವರು ದೋಸೆ, ಇಡ್ಲಿಗೆ ಅದನ್ನೇ ಬಳಸುತ್ತಿದ್ದರೆ ಅಷ್ಟನ್ನು ಕಳೆದು ಲೆಕ್ಕ ಹಾಕಿಕೊಳ್ಳಬಹುದು.

ಎರಡನೆಯ ತಿಂಗಳು ಬೆಲೆಯ ಕಡೆ ನೋಡಿ. ಪ್ಯಾಕೆಟ್ ಮೇಲಿನ ಬೆಲೆಯನ್ನು ಮಾತ್ರ ನೋಡಿದರೆ ಈಗ ಮೋಸ ಹೋಗುವುದು ಸುಲಭ. ಅಡುಗೆ ಎಣ್ಣೆ, ಬೇಳೆ, ಹಿಟ್ಟು, ಚಹಾ, ಬಿಸ್ಕತ್ತು ಮುಂತಾದವನ್ನು ನಿಗದಿತ ತೂಕಗಳಲ್ಲೇ ಮಾರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2021ರ ತಿದ್ದುಪಡಿಯಲ್ಲಿ ಕೈಬಿಟ್ಟಿತು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದರ ಪಕ್ಕದಲ್ಲೇ ಅದೇ ಗಾತ್ರದಂತೆ ಕಾಣುವ 850 ಗ್ರಾಂ ಪ್ಯಾಕೆಟ್ ಇದ್ದು, ಲೀಟರಿನದಕ್ಕೆ 150, ಇದಕ್ಕೆ 143 ರೂಪಾಯಿ ಇದೆ ಎಂದುಕೊಳ್ಳಿ. ಏಳು ರೂಪಾಯಿ ಉಳಿಯಿತೆಂದು ಕೈ ಎರಡನೆಯದಕ್ಕೆ ಹೋಗುತ್ತದೆ, ಆದರೆ ಕಿಲೋ ಲೆಕ್ಕದಲ್ಲಿ ಮೊದಲನೆಯದು 165 ರೂಪಾಯಿ, ಎರಡನೆಯದು 168 ರೂಪಾಯಿ. ಅದೇ ತಿದ್ದುಪಡಿಯ ಪ್ರಕಾರ ಗ್ರಾಂಗೆ, ಮಿಲಿಲೀಟರಿಗೆ ಅಥವಾ ಕಿಲೋಗೆ ಎಷ್ಟು ಬೆಲೆ ಎಂಬುದನ್ನು ಎಂಆರ್‌ಪಿಯ ಹತ್ತಿರವೇ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ, ಹೋಲಿಸಬೇಕಾದದ್ದು ಆ ಸಣ್ಣ ಅಕ್ಷರಗಳನ್ನು.

ಹಾಲನ್ನು ದಿನಸಿಯಿಂದ ಬೇರ್ಪಡಿಸಿ ಬರೆಯಿರಿ. ದಿನವೂ ಸ್ವಲ್ಪ ಸ್ವಲ್ಪವೇ ಹೋಗುವುದರಿಂದ ಅದರ ಏರಿಕೆ ಗಮನಕ್ಕೆ ಬರುವುದಿಲ್ಲ. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪ್ಯಾಕೆಟ್‌ಗೆ 50 ಮಿಲಿಲೀಟರ್ ಹೆಚ್ಚು ಹಾಲು ಸೇರಿಸಿ 2 ರೂಪಾಯಿ ಏರಿಸಲಾಯಿತು. 2025ರ ಏಪ್ರಿಲ್ 1ರಿಂದ ಆ ಹೆಚ್ಚುವರಿ ಹಾಲನ್ನು ತೆಗೆದು ಲೀಟರಿಗೆ 4 ರೂಪಾಯಿ ಹೆಚ್ಚಿಸಲಾಯಿತು. ದಿನಕ್ಕೆ ಒಂದೂವರೆ ಲೀಟರ್ ಕೊಳ್ಳುವ ಮನೆಗೆ ಈ 4 ರೂಪಾಯಿ ತಿಂಗಳಿಗೆ 180 ರೂಪಾಯಿ ಆಗುತ್ತದೆ. ಹಾಲಿನ ಬಾಬನ್ನು ಮಾತ್ರ ಹಳೆಯ ಅಂಕಿಯಲ್ಲೇ ಬಿಟ್ಟಿದ್ದರೆ ಆ ಕೊರತೆ ತರಕಾರಿಯ ಹಣದಿಂದ ತುಂಬಿಕೊಳ್ಳುತ್ತದೆ.

ಮೂರನೆಯದು ತಿಂಡಿ, ಬಿಸ್ಕತ್ತು, ತಂಪು ಪಾನೀಯ, ಚಿಪ್ಸ್, ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳ ಮೂಲಕ ಬರುವ ಚಿಲ್ಲರೆ ಸಾಮಾನು. ಕೇಂದ್ರ ಸರ್ಕಾರದ 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ನಗರವಾಸಿಗಳ ಒಟ್ಟು ಖರ್ಚಿನ ಸುಮಾರು ಶೇ 40 ಆಹಾರಕ್ಕೆ ಹೋಗುತ್ತಿತ್ತು. ಆ ಆಹಾರದೊಳಗೆ ದೊಡ್ಡ ಪಾಲು ಪಾನೀಯ ಮತ್ತು ಸಂಸ್ಕರಿತ ಆಹಾರದ್ದು, ಒಟ್ಟು ಖರ್ಚಿನ ಸುಮಾರು ಶೇ 11. ಅಕ್ಕಿ, ಹಾಲು, ತರಕಾರಿ ಇವುಗಳಲ್ಲಿ ಒಂದೂ ಅಷ್ಟು ನುಂಗುವುದಿಲ್ಲ. ಈ ಬಾಬಿಗೆ ವಾರಕ್ಕಿಷ್ಟು ಎಂದು ನಗದು ಎತ್ತಿಟ್ಟು, ಅದು ಮುಗಿದ ಮೇಲೆ ಮುಂದಿನ ವಾರದವರೆಗೆ ನಿಲ್ಲಿಸುವುದೇ ನನಗೆ ತಿಳಿದಂತೆ ಕೆಲಸ ಮಾಡುವ ಉಪಾಯ. ಫೋನಿನಲ್ಲಿ ಕೊಟ್ಟ ಹಣದ ಲೆಕ್ಕ ನಿಲ್ಲುವುದಿಲ್ಲ.

ಕಡಿತದ ಮಾತು ಬಂದಾಗ ಮನೆಯವರು ಮೊದಲು ಬೇಳೆ, ಮೊಟ್ಟೆ, ಸೊಪ್ಪಿನ ಮೇಲೆ ಕೈ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾದರಿ ತಟ್ಟೆಯಲ್ಲಿ 2,000 ಕ್ಯಾಲೊರಿ ಬೇಕಾಗುವ ಒಬ್ಬರಿಗೆ ದಿನಕ್ಕೆ 85 ಗ್ರಾಂ ಬೇಳೆಕಾಳು, ಮೊಟ್ಟೆ ಅಥವಾ ಮಾಂಸ ಇದೆ, ನಾಲ್ವರಿಗೆ ತಿಂಗಳಿಗೆ 10 ಕಿಲೋಗಿಂತ ಹೆಚ್ಚು. ಎಷ್ಟೋ ಮನೆಗಳು ಅದರ ಹತ್ತಿರವೂ ಇಲ್ಲ. ಅದೇ ತಟ್ಟೆಯಲ್ಲಿ ಎಣ್ಣೆ, ತುಪ್ಪ ಸೇರಿ 27 ಗ್ರಾಂ, ನಾಲ್ವರಿಗೆ ತಿಂಗಳಿಗೆ ಮೂರೂವರೆ ಲೀಟರ್‌ನಷ್ಟು. ನಿಮ್ಮ ಡಬ್ಬಿಯ ಚೀಟಿ ಐದು ಲೀಟರ್ ಎಂದು ಹೇಳುತ್ತಿದ್ದರೆ ಕಡಿತವನ್ನು ಅಲ್ಲಿಂದ ಆರಂಭಿಸಿ. ತೊಗರಿಬೇಳೆ ದುಬಾರಿಯಾದಾಗ ವಾರದಲ್ಲಿ ಎರಡು ದಿನ ಹುರುಳಿಕಾಳಿಗೆ ಅಥವಾ ಅಲಸಂದೆಗೆ ಹೋಗಬಹುದು. ಒಂದೇ ಪಾತ್ರೆಯಲ್ಲಿ ಬೇಯಿಸಿದ ಕಾಳು, ಸೊಪ್ಪಿನಿಂದ ಪಲ್ಯವನ್ನೂ ಬಸಿದ ಕಟ್ಟಿನಿಂದ ಸಾರನ್ನೂ ಕೊಡುವ ಬಸ್ಸಾರಿಗಿಂತ ಮಿತವ್ಯಯದ ಅಡುಗೆ ಕಡಿಮೆ.

ತರಕಾರಿಗೆ ವಾರದ ಸಂತೆ ಸಾಕು, ಅದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ವರ್ಷಕ್ಕೊಮ್ಮೆ ಕೊಳ್ಳುವ ಪದಾರ್ಥಗಳು ಮಾತ್ರ ತಿಂಗಳ ಲೆಕ್ಕದೊಳಗೆ ಕೂರುವುದಿಲ್ಲ. ಕಲಬುರಗಿಯ ಕಡೆಯಿಂದ ಹೊಸ ತೊಗರಿ ಬರುವುದು ಜನವರಿಯ ಸುಮಾರಿಗೆ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಬೇಸಿಗೆಗೆ ಮುಂಚೆ. ಜೂನ್‌ನಿಂದಲೇ ತಿಂಗಳಿಗೆ 500 ರೂಪಾಯಿ ಬೇರೆ ಇಟ್ಟರೆ ಫೆಬ್ರವರಿಯ ಹೊತ್ತಿಗೆ 4,500 ರೂಪಾಯಿ ಕೈಯಲ್ಲಿರುತ್ತದೆ. ಆಗ ವರ್ಷದ ಸಾರಿನ ಪುಡಿ, ಖಾರದಪುಡಿ ಮಾಡಿಸಿಕೊಂಡು, ಬೇಳೆಯನ್ನು ಬಿಸಿಲಿಗೆ ಹಾಕಿ, ಹರಳೆಣ್ಣೆ ಸವರಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಬಹುದು.

ಇಷ್ಟೆಲ್ಲ ಅಳೆದ ಮೇಲೆಯೂ ಮೊತ್ತ 13,000 ರೂಪಾಯಿ ಬಂದರೆ ನಿಮ್ಮ ಮನೆಗೆ 12,000 ಸಾಲುತ್ತಿಲ್ಲ ಎಂದೇ ಅರ್ಥ. ಉಳಿದ ಸಾವಿರವನ್ನು ಮನೆಯ ಯಾವ ಬಾಬಿನಿಂದ ತರುವುದೆಂದು ಅಡುಗೆ ಮಾಡುವವರೊಬ್ಬರ ಮೇಲೆ ಬಿಡದೆ, ಸಂಬಳ ಬಂದ ದಿನವೇ ಎಲ್ಲರೂ ಕುಳಿತು ತೀರ್ಮಾನಿಸಿ.