ಹಳೆಯ ಟೊಪೊಶೀಟಿನಲ್ಲಿ ದನದ ದಾರಿ: ಮಲೆನಾಡಿನ ಮೇವಿನ ನೆಲ ಹುಡುಕುವವರಿಗೆ ಅಧ್ಯಯನ ಟಿಪ್ಪಣಿ

ಟೊಪೊಶೀಟ್ ಎಂದರೆ ಭಾರತೀಯ ಸರ್ವೇಕ್ಷಣ ಇಲಾಖೆ ನೆಲದ ಏರಿಳಿತ, ನೀರು, ಕಾಡು, ಊರು, ದಾರಿ ತೋರಿಸಿ ಮಾಡಿದ ನಕ್ಷೆ. ಅದರಲ್ಲಿ ಗೋಮಾಳಕ್ಕೆಂದು ಒಂದು ಬಣ್ಣ ಇಲ್ಲ, ಗುರುತೂ ಇಲ್ಲ. ಸಾಗುವಳಿಗೆ ಹಳದಿ, ಕಾಡಿಗೆ ಹಸಿರು, ನೀರಿಗೆ ನೀಲಿ, ಗುಡ್ಡದ ಏರಿಳಿತಕ್ಕೆ ಕಂದು, ಊರು ಮತ್ತು ರಸ್ತೆಗೆ ಕೆಂಪು. ಇಷ್ಟೆಲ್ಲ ಬಳಿದ ಮೇಲೆ ಬಿಳಿಯಾಗಿ ಉಳಿದ ಜಾಗವೇ ನಮ್ಮ ಹುಡುಕಾಟದ ಮೊದಲ ಸುಳಿವು. ಬಿಳಿಯೆಲ್ಲ ಮೇವಿನ ನೆಲವಲ್ಲ, ಮಲೆನಾಡಿನ ದನ ಹಸಿರಿನೊಳಗೂ ಮೇಯುತ್ತಿತ್ತು. ಆದ್ದರಿಂದ ಬಣ್ಣದ ಜೊತೆ ಕಟ್ಟೆ (ಸಣ್ಣ ಕೆರೆ), ಕಾಲುದಾರಿ, ಸಮೋನ್ನತ ರೇಖೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಮೂರನ್ನೂ ಕೂಡಿಸಿ ಓದಬೇಕು, ಕೊನೆಗೆ ಗ್ರಾಮ ನಕ್ಷೆಯಲ್ಲಿ ತಾಳೆ ನೋಡಬೇಕು.

ಯಾವ ಹಾಳೆ ಬೇಕು

ಮಲೆನಾಡಿನ ಬಹುಭಾಗ 48ನೇ ಹಾಳೆಯಲ್ಲಿದೆ. ಅದು 72°ರಿಂದ 76° ಪೂರ್ವ, 12°ರಿಂದ 16° ಉತ್ತರ. ಅದನ್ನು ಒಂದೊಂದು ಡಿಗ್ರಿಯ 16 ಚೌಕ ಮಾಡಿ ಎ ಇಂದ ಪಿ ವರೆಗೆ ಅಕ್ಷರ ಕೊಟ್ಟಿದ್ದಾರೆ. ಎಣಿಕೆ ವಾಯವ್ಯ ಮೂಲೆಯಿಂದ ಶುರುವಾಗಿ ಕೆಳಗಿಳಿಯುತ್ತದೆ, ಬುಡ ಮುಟ್ಟಿದ ಮೇಲೆ ಪಕ್ಕದ ಸಾಲಿನ ತಲೆಗೆ ಹೋಗುತ್ತದೆ. ಪ್ರತಿ ಡಿಗ್ರಿ ಚೌಕವನ್ನೂ ಇದೇ ಕ್ರಮದಲ್ಲಿ 15 ಮಿನಿಟಿನ 16 ತುಂಡು ಮಾಡಿದ್ದಾರೆ. ಈ ಲೆಕ್ಕದಲ್ಲಿ ಶಿವಮೊಗ್ಗ, ಭದ್ರಾವತಿ 48 ಓ/9. ತೀರ್ಥಹಳ್ಳಿ 48 ಓ/2. ಹೊಸನಗರ 48 ಓ/1. ಸಾಗರ 48 ಎನ್/4. ಸೊರಬ 48 ಎನ್/3. ಸಾಗರ ಪೇಟೆ ಹಾಳೆಯ ಪಶ್ಚಿಮ ಅಂಚಿಗೇ ಬೀಳುವುದರಿಂದ ಪಕ್ಕದ 48 ಜೆ/16 ಕೂಡ ಬೇಕಾಗುತ್ತದೆ. ಒಂದು ಹೋಬಳಿಗೆ ಎರಡು ಮೂರು ಹಾಳೆ ಜೋಡಿಸುವುದು ಮಾಮೂಲು.

ಹಳೆಯವು ಮೈಲಿಗೆ ಒಂದು ಇಂಚಿನ ಹಾಳೆಗಳು, ಅಂದರೆ 1:63,360. ಸಮೋನ್ನತ ರೇಖೆ 50 ಅಡಿಗೊಂದು. ಮೆಟ್ರಿಕ್ ಬಂದ ಮೇಲಿನವು 1:50,000; ರೇಖೆ 20 ಮೀಟರಿಗೊಂದು. ಭಾರತೀಯ ಸರ್ವೇಕ್ಷಣ ಇಲಾಖೆ ಈಗ ಆನ್‌ಲೈನಿನಲ್ಲಿ ಕೊಡುವ ಪಿಡಿಎಫ್‌ಗಳು 2005ರ ನಕ್ಷಾ ನೀತಿಯ ನಂತರದ ಸರಣಿ. ಅವುಗಳ ಸಂಖ್ಯೆ ನಮ್ಮ ಭಾಗದಲ್ಲಿ ಡಿ43 ಎಂದು ಶುರುವಾಗುತ್ತದೆ. ಇಂದಿನ ಸ್ಥಿತಿಗೆ ಅವು ಸರಿ, ಇತಿಹಾಸಕ್ಕೆ ಸಾಲದು. ಅಮೆರಿಕ ಸೈನ್ಯದ ನಕ್ಷಾ ವಿಭಾಗ 1950ರ ದಶಕದಲ್ಲಿ ತಯಾರಿಸಿದ 1:250,000 ಹಾಳೆಗಳ ಸ್ಕ್ಯಾನ್ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್. ಇಡೀ ಸೀಮೆಯ ಅಂದಾಜಿಗೆ ಸಾಕು, ಒಂದು ಊರಿನ ಗೋಮಾಳ ಹುಡುಕಲು ಆಗದು. ಇಂಚಿನ ಹಾಳೆಗಳನ್ನು ಹಳೆಯ ಕಾಲೇಜುಗಳ ಭೂಗೋಳ ವಿಭಾಗದ ಬೀರುಗಳಲ್ಲೇ ಕೇಳಿ ನೋಡಬೇಕು.

ಹಾಳೆ ಕೈಗೆ ಬಂದ ಕೂಡಲೇ ಅಂಚಿನಲ್ಲಿ ಸಮೀಕ್ಷೆಯ ವರ್ಷ ಓದಿ. ಮುದ್ರಣದ ವರ್ಷ ಬೇರೆ. ಮರುಮುದ್ರಣದಲ್ಲಿ ರಸ್ತೆಯನ್ನಷ್ಟೇ ತಿದ್ದಿ ಒಳಗಿನ ಊರು, ಕಾಡನ್ನು ಹಳೆಯ ಸಮೀಕ್ಷೆಯಂತೆ ಬಿಟ್ಟಿರಬಹುದು. ಇದನ್ನು ನೋಡದೆ ಮುದ್ರಣದ ವರ್ಷ ಹಿಡಿದು ಬರೆದ ಇತಿಹಾಸ ದಶಕಗಟ್ಟಲೆ ಆಚೀಚೆ ಆಗುತ್ತದೆ.

ನಕ್ಷೆಯನ್ನು ನೆಲಕ್ಕೆ ಕೂರಿಸುವುದು

300 ಡಿಪಿಐನಲ್ಲಿ ಚಪ್ಪಟೆ ಸ್ಕ್ಯಾನ್ ಮಾಡಿ ಟಿಫ್ ಆಗಿ ಉಳಿಸಿ. 1:50,000 ಹಾಳೆಯಲ್ಲಿ ಆಗ ಒಂದು ಚುಕ್ಕಿ ನೆಲದ ಮೇಲೆ ಸುಮಾರು 4 ಮೀಟರ್, ಅಷ್ಟು ಸೂಕ್ಷ್ಮ ಸಾಕು. ಮೊಬೈಲಿನಲ್ಲಿ ತೆಗೆದ ಫೋಟೊ ಅಂಚಿನಲ್ಲಿ ಬಾಗಿರುತ್ತದೆ, ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಬಳಸಿ.

ಕ್ಯೂಜಿಐಎಸ್‌ನ ಜಿಯೊರೆಫರೆನ್ಸರ್ (ಸ್ಕ್ಯಾನಿಗೆ ಅಕ್ಷಾಂಶ, ರೇಖಾಂಶ ಕೂರಿಸುವ ನಕ್ಷಾ ತಂತ್ರಾಂಶದ ಸಾಧನ) ತೆರೆದು ನಾಲ್ಕು ಮೂಲೆ ಮತ್ತು 5 ಮಿನಿಟಿಗೊಂದರಂತೆ ಅಕ್ಷಾಂಶ, ರೇಖಾಂಶ ಕೂಡುವ ಗುರುತುಗಳನ್ನು ಒತ್ತಿ. 15 ಮಿನಿಟಿನ ಹಾಳೆಗೆ ಒಟ್ಟು 16 ಬಿಂದು. ನಾಲ್ಕು ಮೂಲೆಯಷ್ಟೇ ಕೊಟ್ಟರೆ ಮಡಿಕೆ ಬಿದ್ದು ಹಿಗ್ಗಿದ, ಕುಗ್ಗಿದ ಕಾಗದದ ದೋಷ ನಡುವಿನಲ್ಲಿ ಹಾಗೇ ಉಳಿಯುತ್ತದೆ. ಎರಡನೇ ದರ್ಜೆಯ ಪಾಲಿನಾಮಿಯಲ್ ಆರಿಸಿ. ಉಳಿಕೆ ದೋಷ, ಅಂದರೆ ಒತ್ತಿದ ಬಿಂದುವಿಗೂ ಲೆಕ್ಕದಿಂದ ಬಂದ ಜಾಗಕ್ಕೂ ಉಳಿದ ಅಂತರ, ನಕ್ಷೆಯ ಮೇಲೆ ಅರ್ಧ ಮಿಲಿಮೀಟರ್, ಅಂದರೆ ನೆಲದಲ್ಲಿ 25 ಮೀಟರ್ ದಾಟಬಾರದು. ದಾಟಿದರೆ ಯಾವುದೋ ಬಿಂದುವಿನಲ್ಲಿ ಡಿಗ್ರಿ, ಮಿನಿಟು ತಪ್ಪಾಗಿ ಟೈಪ್ ಆಗಿರುವುದೇ ಹೆಚ್ಚು. ಎಲ್ಲ ಬಿಂದುವನ್ನೂ ಬಲವಂತವಾಗಿ ಹೊಂದಿಸುವ ಥಿನ್ ಪ್ಲೇಟ್ ಸ್ಪ್ಲೈನ್ ಹಾಕಿದರೆ ದೋಷ ಸೊನ್ನೆ ಎಂದು ತೋರಿಸುತ್ತದೆ, ತಪ್ಪು ಒಳಗೇ ಅಡಗಿರುತ್ತದೆ.

ಹೆಚ್ಚಿನವರು ಎಡವುವುದು ಡೇಟಮ್‌ನಲ್ಲಿ. ಡೇಟಮ್ ಎಂದರೆ ಅಕ್ಷಾಂಶ, ರೇಖಾಂಶ ಎಣಿಸಲು ಆಧಾರವಾಗಿ ಹಿಡಿದ ಭೂಮಿಯ ಆಕಾರ. ಹಳೆಯ ಹಾಳೆಗಳು ಎವರೆಸ್ಟ್ ಗೋಳಾಭದ ಮೇಲಿನವು, ಮೊಬೈಲಿನ ಜಿಪಿಎಸ್ ಡಬ್ಲ್ಯುಜಿಎಸ್ 84ರದ್ದು. ಹಾಳೆಯ ಅಂಕಿಗಳನ್ನು ನೇರ ಡಬ್ಲ್ಯುಜಿಎಸ್ 84 ಎಂದು ಕೊಟ್ಟರೆ ನಮ್ಮ ಕಡೆ ನೂರು ಮೀಟರಿನ ಆಸುಪಾಸು ಅಥವಾ ಇನ್ನೂ ಹೆಚ್ಚು ಜರುಗುತ್ತದೆ. ನಕ್ಷೆಯ ಮೇಲೆ ಬರೀ 2 ಮಿಲಿಮೀಟರ್, ನೆಲದಲ್ಲಿ ಮಾತ್ರ ಕಟ್ಟೆಯೊಂದು ಪಕ್ಕದ ಸರ್ವೆ ನಂಬರಿಗೆ ಹೋಗಿ ಕೂತಿರುತ್ತದೆ. ಕಲ್ಯಾಣಪುರ 1975, ಅಂದರೆ ಇಪಿಎಸ್‌ಜಿ 4146 ಆರಿಸಿ, ಡಬ್ಲ್ಯುಜಿಎಸ್ 84ಕ್ಕೆ ಬದಲಿಸುವ ಕೆಲಸ ತಂತ್ರಾಂಶಕ್ಕೆ ಬಿಡಿ. ಆಮೇಲೆ ಉಪಗ್ರಹ ಚಿತ್ರದ ಮೇಲೆ ಹರಡಿ ಕೆರೆ ಏರಿಯ ಎರಡು ತುದಿ, ಹಳೆಯ ದೇವಸ್ಥಾನ ಇಂಥ ಕದಲದ ಗುರುತುಗಳಲ್ಲಿ ಪರೀಕ್ಷಿಸಿ. ರಸ್ತೆ ಕೂಡುವ ಜಾಗ ಬೇಡ, ಮಲೆನಾಡಿನಲ್ಲಿ ತಿರುವು ನೇರ ಮಾಡದ ರಸ್ತೆ ಕಡಿಮೆ.

19ನೇ ಶತಮಾನದ ಹಾಳೆ ಸಿಕ್ಕರೆ ಇನ್ನೊಂದು ಎಚ್ಚರ. ಆಗ ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನು 80°17′21″ ಎಂದು ಹಿಡಿದಿದ್ದರು. ಅದು ಸುಮಾರು ಎರಡೂವರೆ ಮಿನಿಟು ಹೆಚ್ಚು. ನಮ್ಮ ಅಕ್ಷಾಂಶದಲ್ಲಿ ಇದು ನಾಲ್ಕೂವರೆ ಕಿಲೋಮೀಟರ್! ಅಂಚಿನಲ್ಲಿ ತಿದ್ದುಪಡಿಯ ಸೂಚನೆ ಮುದ್ರಿಸಿದೆಯೇ ಎಂದು ನೋಡಿಕೊಂಡೇ ಮುಂದುವರಿಯಿರಿ.

ಓದುವುದು

ಮೊದಲು ಮಲೆನಾಡಿನ ಅಡ್ಡಕೊಯ್ತ ನೆನಪಿನಲ್ಲಿರಲಿ. ಕಣಿವೆಯ ತಳದಲ್ಲಿ ಗದ್ದೆ, ಕಣಿವೆಯ ತಲೆಯ ತಂಪಿನಲ್ಲಿ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಇನ್ನೂ ಮೇಲೆ ಅಥವಾ ಮಗ್ಗುಲಲ್ಲಿ ಹುಲ್ಲಿನ ಬ್ಯಾಣ. ಇಲ್ಲಿ ದನ ಸಾಕಿದ್ದು ಹಾಲಿಗಿಂತ ಗೊಬ್ಬರಕ್ಕೆ. ಬೆಟ್ಟದ ಸೊಪ್ಪು, ದರಕು (ಒಣ ಎಲೆ) ಕೊಟ್ಟಿಗೆಗೆ ಹಾಸಿ, ಅದು ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ಹಗಲೆಲ್ಲ ಗುಡ್ಡದಲ್ಲಿ ಮೇದು ಸಂಜೆ ತಾನೇ ಕೊಟ್ಟಿಗೆಗೆ ಬರುವ ಮಲೆನಾಡು ಗಿಡ್ಡ ಈ ವ್ಯವಸ್ಥೆಗೆ ಹೇಳಿಮಾಡಿಸಿದ ತಳಿ. ಹಾಗಾಗಿ ಇಲ್ಲಿ ಮೇವಿನ ನೆಲ ಒಂದೇ ದೊಡ್ಡ ಬಯಲಾಗಿ ಕಾಣುವುದಿಲ್ಲ, ಊರಿಗೊಂದು ಹರಿದ ಅಂಚಿನ ತುಂಡಾಗಿ ಹಳದಿ ಮತ್ತು ಹಸಿರಿನ ನಡುವೆ ಸಿಕ್ಕಿಕೊಂಡಿರುತ್ತದೆ. ವಿಶಾಲವಾದ ಕಾವಲು, ಅಂದರೆ ದನಕ್ಕೆ ಕಾದಿಟ್ಟ ಹುಲ್ಲುಗಾವಲು ಬೇಕೆಂದರೆ ಪೂರ್ವಕ್ಕೆ ಸರಿಯಬೇಕು. ಭದ್ರಾವತಿಯಾಚೆ ತರೀಕೆರೆ, ಅಜ್ಜಂಪುರದ ಕಡೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಶುರುವಾಗಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ಸರ್ಕಾರಿ ದನಗಳ ಕಾವಲುಗಳು ಆ ಬಯಲಿನವು. ಋತುವಿಗೆ ತಕ್ಕಂತೆ ಮಂದೆಯನ್ನು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಆ ಹಾಳೆಗಳಲ್ಲಿ ‘ಕಾವಲ್’ ಎಂಬ ಹೆಸರೇ ಅಚ್ಚಾಗಿರುತ್ತದೆ, ಹುಡುಕಾಟ ಸುಲಭ. ಮಲೆನಾಡಿನಲ್ಲಿ ಆ ಅನುಕೂಲವಿಲ್ಲ.

ಇಲ್ಲಿ ಹೆಚ್ಚು ನಂಬಬಹುದಾದ ಗುರುತು ಕಟ್ಟೆ. ನೀಲಿಯಲ್ಲಿ ತೋರಿಸಿದ ಪ್ರತಿ ಕೆರೆಯ ಏರಿಯ ಕೆಳಗೆ ನೋಡಿ. ಹಳದಿ ಇದ್ದರೆ ಅದು ಗದ್ದೆಗೆ ನೀರು ಕೊಡುವ ಕೆರೆ. ಏರಿಯ ಕೆಳಗೂ ಬಿಳಿ ಅಥವಾ ಹಸಿರೇ ಇದ್ದು, ಊರಿನಿಂದ ಒಂದು ಚುಕ್ಕೆಗೆರೆಯ ಕಾಲುದಾರಿ ಅಲ್ಲಿಗೆ ಬಂದು ನಿಂತಿದ್ದರೆ ಅದು ದನಕ್ಕೆ ನೀರು ಕುಡಿಸುವ ಕಟ್ಟೆಯೇ ಇರಬೇಕು. ಏರಿಯ ಪಕ್ಕ ‘2ಆರ್’, ‘3ಆರ್’ ಎಂದು ಸಣ್ಣಕ್ಕೆ ಬರೆದಿರುತ್ತದೆ. ಅದು ಅಕ್ಕಪಕ್ಕದ ನೆಲಕ್ಕೆ ಹೋಲಿಸಿದ ಎತ್ತರ.

ದಾರಿಗಳಲ್ಲಿ ಎರಡು ಊರು ಜೋಡಿಸುವವನ್ನು ಬದಿಗಿಡಿ. ಊರಿನಿಂದ ಹೊರಟು ಕಾಡಂಚಿನಲ್ಲೋ ಗುಡ್ಡದ ನೆತ್ತಿಯಲ್ಲೋ ಕರಗಿಹೋಗುವ ಕಾಲುದಾರಿಗಳು ನಮ್ಮವು. ಅವು ಸಮೋನ್ನತ ರೇಖೆಗಳನ್ನು ಓರೆಯಾಗಿ, ನಿಧಾನ ಏರಿನಲ್ಲಿ ದಾಟುತ್ತಿದ್ದರೆ ದನದ ದಾರಿ ಎನ್ನಲು ಇನ್ನೊಂದು ಕಾರಣ. ಹೊರೆ ಹೊತ್ತವರ ಅಡ್ಡದಾರಿ ರೇಖೆಗಳನ್ನು ನೇರ ಕತ್ತರಿಸುತ್ತದೆ. ಹುಲಿಕಲ್, ಆಗುಂಬೆಯಂತಹ ಘಟ್ಟ ಇಳಿಯುವ ಹೇರೆತ್ತಿನ ದಾರಿಗಳು ಬೇರೆಯದೇ ಕಥೆ, ಅವನ್ನು ಮೇವಿನ ಲೆಕ್ಕಕ್ಕೆ ಸೇರಿಸಬೇಡಿ.

ಕಾಡಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾದ ವಿವರಣೆಯನ್ನೂ ಬಿಡಬೇಡಿ. ‘ಓಪನ್ ಸ್ಕ್ರಬ್’ ಎಂದಿದ್ದಲ್ಲಿ ಮೇಯಿಸುವುದು, ಸೊಪ್ಪು ಕಡಿಯುವುದು, ಬೆಂಕಿ ಬೀಳುವುದು ನಡೆದಿರುವ ಸಂಭವ ಹೆಚ್ಚು. ‘ಡೆನ್ಸ್ ಮಿಕ್ಸೆಡ್ ಜಂಗಲ್’ ಎಂದು ಊರಿನ ಮಗ್ಗುಲಲ್ಲೇ ಇದ್ದರೆ, ಅದರಲ್ಲೂ ಸೊರಬ ಸಾಗರದ ಕಡೆ, ಅದು ಮೆಣಸು, ಬಗನಿ ಮರದ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು ಇರಬಹುದು.

ವಿಸ್ತೀರ್ಣ ಮತ್ತು ತಾಳೆ

ಟ್ರೇಸಿಂಗ್ ಹಾಳೆಯಲ್ಲಿ 2 ಮಿಲಿಮೀಟರಿನ ಚೌಕಗಳನ್ನು ಗೆರೆ ಎಳೆದುಕೊಳ್ಳಿ. 1:50,000ದಲ್ಲಿ ಒಂದು ಚೌಕ ಸರಿಯಾಗಿ ಒಂದು ಹೆಕ್ಟೇರ್. ಇಂಚಿನ ಹಾಳೆಯಲ್ಲಿ ಒಂದು ಚದರ ಇಂಚಿಗೆ 640 ಎಕರೆ. ಅರ್ಧಕ್ಕಿಂತ ಹೆಚ್ಚು ತುಂಬಿದ ಚೌಕಗಳನ್ನು ಮಾತ್ರ ಎಣಿಸಿ.

ಈ ಅಂಕಿಯನ್ನು ಯಾವುದರೊಡನೆ ಹೋಲಿಸುವುದು? 1964ರ ಭೂಕಂದಾಯ ಕಾಯ್ದೆಯಡಿ 1966ರ ನಿಯಮಗಳ 97ನೇ ನಿಯಮ 100 ಜಾನುವಾರಿಗೆ 30 ಎಕರೆ ಗೋಮಾಳ ಎನ್ನುತ್ತದೆ. 250 ದನದ ಊರಿಗೆ 75 ಎಕರೆ, ಅಂದರೆ ಸುಮಾರು 30 ಚೌಕ. ನಕ್ಷೆಯ ಬಿಳಿ 90 ಚೌಕ ಬಂದರೆ ಅದಷ್ಟೂ ಗೋಮಾಳವಲ್ಲ, ಬ್ಯಾಣ, ಹುಲ್ಲುಬನ್ನಿ ಖರಾಬು (ಸಾಗುವಳಿಗೆ ಬಾರದ ಹುಲ್ಲು ನೆಲ), ಬೀಳು ಎಲ್ಲ ಸೇರಿವೆ ಎಂದರ್ಥ.

ಬಿಡಿಸಿ ನೋಡಲು ಗ್ರಾಮ ನಕ್ಷೆ ಬೇಕು. ಮೈಸೂರು ಸಂಸ್ಥಾನದಲ್ಲಿ 1863ರಿಂದ ನಡೆದ ಕಂದಾಯ ಸರ್ವೆಯ ಪರಂಪರೆಯದು ಇದು. ಅಳತೆ 1:7,920, ಒಂದು ಚದರ ಇಂಚಿಗೆ ಹತ್ತು ಎಕರೆ. ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಇದರಲ್ಲಿ ಅಕ್ಷಾಂಶ ರೇಖಾಂಶ ಇರುವುದಿಲ್ಲ, ಹೀಗಾಗಿ ಮೂರು ಗ್ರಾಮದ ಗಡಿ ಕೂಡುವ ಬಾಂದುಕಲ್ಲುಗಳನ್ನು ಹಿಡಿದು ಟೊಪೊಶೀಟಿನ ಮೇಲೆ ಕೂರಿಸಬೇಕು. ಟೊಪೊಶೀಟಿನಲ್ಲೂ ಆ ಕಲ್ಲುಗಳಿಗೆ ಗುರುತಿದೆ. ಕನಿಷ್ಠ ನಾಲ್ಕು ಕಲ್ಲು ಸಿಗಬೇಕು, ಅವು ಊರಿನ ಸುತ್ತ ಹರಡಿರಬೇಕು. ಆಮೇಲೆ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತಾಳೆ ನೋಡಿ, ಕಂದಾಯ ದಾಖಲೆಯಾದ ಆಕಾರ್‌ಬಂದ್‌ನಲ್ಲಿ ಆ ನಂಬರಿನ ವಿಸ್ತೀರ್ಣ, ಖರಾಬು ಓದಿ. ದರಖಾಸ್ತು, ಬಗರ್‌ಹುಕುಂ ಆದ ಗೋಮಾಳ ಒಂದೇ ನಂಬರಿನಡಿ ಹತ್ತಾರು ಹಿಸ್ಸಾ ಆಗಿರುತ್ತದೆ. ಹಿಸ್ಸಾಗಳ ಈ ಸಾಲೇ ಗೋಮಾಳ ಕರಗಿದ ಕ್ರಮವನ್ನು ಹೇಳುತ್ತದೆ.

ಅಭ್ಯಾಸಕ್ಕೆ: ಶರಾವತಿ ಕಣಿವೆ

1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಮುಂಚಿನ ಸಮೀಕ್ಷೆಯ ಇಂಚಿನ ಹಾಳೆ ಸಿಕ್ಕರೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಹಾಳೆಯಲ್ಲಿ 1,800 ಮತ್ತು 1,850 ಅಡಿಯ ರೇಖೆಗಳಿವೆ. ಎರಡರ ನಡುವೆ 1,800ಕ್ಕೆ ಹತ್ತಿರವಾಗಿ, ಐದರಲ್ಲಿ ಎರಡು ಪಾಲಿನಷ್ಟು ದೂರದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಒಳಗೆ ಬಿದ್ದ ಗದ್ದೆಯ ಹಳದಿಯನ್ನೂ ಬಿಳಿಯನ್ನೂ ಬೇರೆ ಬೇರೆ ಎಣಿಸಿ. 1948ರ ಹಿರೇಭಾಸ್ಕರ ಅಣೆಕಟ್ಟಿನ ನೀರು ಆಗಲೇ ಹಾಳೆಯಲ್ಲಿದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಸಮೀಕ್ಷೆ ಅದಕ್ಕೂ ಹಳೆಯದು. ಗೆರೆಯ ಮೇಲಂಚಿನಲ್ಲಿ ಗುಡ್ಡದ ಬ್ಯಾಣ ಮಾತ್ರ ಉಳಿದು ಕೆಳಗಿನ ಗದ್ದೆ ಪೂರ್ತಿ ಮುಳುಗಿದ ಊರುಗಳನ್ನು ಪಟ್ಟಿ ಮಾಡಿ. ಇಂಥ ಊರಿನ ಹೆಸರು ಕಂದಾಯ ದಾಖಲೆಯಲ್ಲಿ ಜನವಸತಿಯಿಲ್ಲದ ಬೇಚರಾಕ್ ಗ್ರಾಮವಾಗಿ ಮುಂದುವರಿದಿರಬಹುದು.

ತಪ್ಪುವ ಜಾಗಗಳು

ಬಿಳಿ ಎಂದರೆ ಬಂಡೆಯೂ ಆಗಬಹುದು, ಆ ವರ್ಷ ಬಿತ್ತದೆ ಬಿಟ್ಟ ಹೊಲವೂ ಆಗಬಹುದು. ಸಮೋನ್ನತ ರೇಖೆ ಒತ್ತೊತ್ತಾಗಿ, ಬಂಡೆಯ ಗುರುತು ಇದ್ದರೆ ಕೈಬಿಡಿ. ಹಳೆಯ ಬಿಳಿ ಹೊಸ ಹಾಳೆಯಲ್ಲಿ ಹಸಿರಾಗಿದ್ದರೆ ಕಾಡು ಮರಳಿ ಬಂತೆಂದು ಬರೆದುಬಿಡಬೇಡಿ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಕ್ಕೆ ಗುತ್ತಿಗೆ ಕೊಟ್ಟ ಜಾಗಗಳಲ್ಲಿ ಬೆಳೆದದ್ದು ಅಕೇಶಿಯಾ, ನೀಲಗಿರಿ. ದನಕ್ಕೆ ಅಲ್ಲಿ ಹುಲ್ಲಿಲ್ಲ, ನಕ್ಷೆಗೆ ಮಾತ್ರ ಅದೂ ಹಸಿರೇ.

ಊರಿಗೆ ಹೋದಾಗ ‘ಗೋಮಾಳ ಎಲ್ಲಿತ್ತು?’ ಎಂದು ಶುರುಮಾಡಿದರೆ ಒತ್ತುವರಿ ತನಿಖೆಗೆ ಬಂದವರೆಂದು ಮಾತು ನಿಲ್ಲುತ್ತದೆ. ದನ ಕಾಯ್ದ ಹಿರಿಯರನ್ನು ಹೀಗೆ ಕೇಳಿ: ‘ಅಜ್ಜಾ, ಬೆಳಗ್ಗೆ ದನ ಯಾವ ಕಡೆ ಬಿಡ್ತಿದ್ರಿ? ಮಧ್ಯಾಹ್ನ ನೀರು ಎಲ್ಲಿ? ಉಣುಗೋಲು ಯಾವ ಜಾಗದಲ್ಲಿತ್ತು? ಪೈರು ತಿಂದ ದನಾನ ಯಾವ ದೊಡ್ಡಿಗೆ ಹೊಡೀತಿದ್ರು?’ (ಉಣುಗೋಲು ಎಂದರೆ ಬೇಲಿಯಲ್ಲಿ ದಾಟುವ ಜಾಗಕ್ಕೆ ಅಡ್ಡ ಹಾಕುವ ಕೋಲುಗಳ ಬಾಗಿಲು.) ಉತ್ತರ ಬಂದ ಹಾಗೆ ನಕ್ಷೆಯ ಪ್ರತಿಯ ಮೇಲೆ ಗುರುತು ಹಾಕಿ, ಕಟ್ಟೆಗೆ ಒಂದು ಬಣ್ಣ, ದಾರಿಗೆ ಒಂದು. ಯಾರಾದರೂ ಇದೇ ನಕ್ಷೆ ಹಿಡಿದು ಗಡಿ ತೀರ್ಮಾನಿಸಿ ಎಂದರೆ ಒಪ್ಪಬೇಡಿ. ಅದಕ್ಕೆ ಸರ್ವೆ ಇಲಾಖೆಯ ಮೂಲ ಟಿಪ್ಪಣಿ ಮತ್ತು ಅಳತೆಗೆ ಬರುವ ಭೂಮಾಪಕರು ಇದ್ದಾರೆ.